ಬಿಸಿಲು ಇಳಿದ ಮೇಲೆ ಕರೆಂಟು ಎಲ್ಲಿಂದ?

ಬೇಸಿಗೆ ಬಂತೆಂದರೆ ವಿದ್ಯುತ್ತಿನ ಬಗ್ಗೆ ಪತ್ರಗಳು ಹೆಚ್ಚಾಗುತ್ತವೆ. ಈ ಸಲ ಬಂದವುಗಳಲ್ಲಿ ದೂರಿಗಿಂತ ದಿಗಿಲೇ ಹೆಚ್ಚು. ಬಿಸಿಲು, ಗಾಳಿ, ಕಡಲಲೆ, ನೆಲದಾಳದ ಬಿಸಿ ಇವನ್ನೆಲ್ಲ ನಂಬಿ ನಾಡು ನಡೆಯುತ್ತದೆಯೇ, ನಂಬಿದರೆ ನಮ್ಮ ಪಾಡೇನು ಎಂದು ಕೇಳಿದ್ದೀರಿ. ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಆರು ಎಕರೆ ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಕೊಟ್ಟಿದ್ದೇವೆ. ದುಡ್ಡು ಬರುತ್ತಿದೆ, ಅದಕ್ಕೆ ತಕರಾರಿಲ್ಲ. ಆದರೆ ಸಂಜೆ ಏಳಕ್ಕೆ ನಮ್ಮ ಮನೆಯಲ್ಲೇ ದೀಪ ಹೋಗುತ್ತದೆ. ನಮ್ಮ ಹೊಲದ ಕರೆಂಟು ಬೆಂಗಳೂರಿಗೆ, ಕತ್ತಲೆ ನಮಗೆ ಅಂದರೆ ಹೇಗೆ? ಮೋಡ ಕವಿದರೆ ಇಡೀ ರಾಜ್ಯವೇ ಕತ್ತಲಾಗುತ್ತದೆ ಅಂತ ಮಗ ಹೇಳುತ್ತಾನೆ. ನಿಜವೇ?
— ಓದುಗರೊಬ್ಬರು, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಹೊಲ ಕೊಟ್ಟವರ ಮನೆಯಲ್ಲೇ ದೀಪ ಆರಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಚಿಂತೆಗಳು ಹೆಣೆದುಕೊಂಡಿವೆ. ಬಿಡಿಸಿ ನೋಡೋಣ.

ನಿಮ್ಮ ಹೊಲದ ಕರೆಂಟು ಬೆಂಗಳೂರಿಗೆಂದೇ ಕಟ್ಟಿಟ್ಟು ಹೋಗುವುದಿಲ್ಲ. ಅದು ಗ್ರಿಡ್ (ಎಲ್ಲ ವಿದ್ಯುತ್ ಕೇಂದ್ರಗಳನ್ನೂ ಎಲ್ಲ ಊರುಗಳನ್ನೂ ಒಂದಾಗಿ ಹೆಣೆದ ತಂತಿಜಾಲ) ಸೇರುತ್ತದೆ. ಕೆರೆಗೆ ಬಿದ್ದ ನೀರಿನಲ್ಲಿ ಯಾರ ಹೊಲದ ಹನಿ ಯಾವುದೆಂದು ಹೇಳಲು ಬರುತ್ತದೆಯೇ? ಹಾಗೇ ಇದು. ನಿಮ್ಮೂರಲ್ಲಿ ಕರೆಂಟು ಹೋದಾಗ ಪಕ್ಕದೂರಲ್ಲಿ ದೀಪ ಉರಿಯುತ್ತಿದ್ದರೆ ಕೊರತೆ ಬಹುಶಃ ಗ್ರಿಡ್ಡಿನಲ್ಲಿಲ್ಲ. ಭಾರ ತಾಳದ ಟಿ.ಸಿ. (ಟ್ರಾನ್ಸ್‌ಫಾರ್ಮರ್), ಹಳೆಯ ತಂತಿ ಅಥವಾ ನಿಮ್ಮ ಫೀಡರಿನಲ್ಲಿ (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನು) ದೋಷವಿರಬಹುದು. ಹದಿನೈದು ದಿನ, ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ಸಲವೂ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಆ ಪುಟಗಳನ್ನು ಹಿಡಿದು ನಾಲ್ಕೈದು ಮನೆಯವರು ಒಟ್ಟಿಗೆ ಸೆಕ್ಷನ್ ಆಫೀಸಿಗೆ ಹೋಗಿ. ಬಾಯಿಮಾತಿನ ದೂರಿಗೆ ಸಿಗದ ಉತ್ತರ ಬರೆದ ಲೆಕ್ಕಕ್ಕೆ ಸಿಗುತ್ತದೆ.

ಇನ್ನು ನಿಮ್ಮ ಮಗನ ಮಾತು. ಬರೀ ಬಿಸಿಲನ್ನೇ ನಂಬಿದ್ದರೆ ಅವನು ಹೇಳಿದಂತೆಯೇ ಆಗುತ್ತಿತ್ತು. ನಿಮ್ಮ 13,000 ಎಕರೆಯ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಆದರೆ ಅದು ನಡುಮಧ್ಯಾಹ್ನದ ಮಾತು, ಸಂಜೆ ಏಳಕ್ಕೆ ಸೊನ್ನೆ. ಕಡಲೆಕಾಯಿ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕಿದವರಲ್ಲವೇ ನೀವು? ಯಾಕೆ ಹಾಕುತ್ತಿದ್ದಿರಿ ಎಂದು ನೆನಪಿಸಿಕೊಳ್ಳಿ. ಎರಡೂ ಒಂದೇ ಮಳೆಗೆ ಸೋಲುವುದಿಲ್ಲ. ಹೂವಿನ ಹೊತ್ತಿಗೆ ಮಳೆ ತಪ್ಪಿ ಕಡಲೆಕಾಯಿ ಸೊರಗಿದರೂ ಬೇರು ಆಳಕ್ಕಿಳಿದ ತೊಗರಿ ಹಿಂಗಾರಿನ ನಾಲ್ಕು ಹನಿಗೆ ಚೇತರಿಸಿಕೊಳ್ಳುತ್ತದೆ. ವಿದ್ಯುತ್ತಿನಲ್ಲೂ ನಡೆಯುವುದು ಇದೇ. ಮೋಡ ಕವಿಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿ ಜೋರಾಗಿ ಬೀಸುತ್ತದೆ. ಹಗಲು ಬಿಸಿಲಿದ್ದಾಗ ಶರಾವತಿಯ ನೀರನ್ನು ಉಳಿಸಿಕೊಂಡು, ಸಂಜೆ ಬೇಡಿಕೆ ಏರಿದಾಗ ಬಿಡುತ್ತಾರೆ. ಅಲ್ಲಿನ 1,035 ಮೆಗಾವಾಟ್ ಕೇಂದ್ರದ ಯಂತ್ರಗಳು ಕೆಲವೇ ನಿಮಿಷಗಳಲ್ಲಿ ತಿರುಗಲು ಶುರುವಾಗುತ್ತವೆ.

ಹಾಗಾದರೆ ತೊಂದರೆಯೇ ಇಲ್ಲವೇ? ಇದೆ, ಅದನ್ನು ಮುಚ್ಚಿಡುವುದಿಲ್ಲ. ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆಯನ್ನು ಎಣಿಸಿ ನೋಡಿ. ಸೂರ್ಯ ಮುಳುಗಿದ್ದಾನೆ, ಮುಂಗಾರಿನ ಗಾಳಿ ಇನ್ನೂ ಬಂದಿಲ್ಲ, ಅಣೆಕಟ್ಟೆಯ ನೀರು ತಳ ಕಾಣುತ್ತಿದೆ, ಸೆಕೆಗೆ ಪ್ರತಿ ಮನೆಯ ಫ್ಯಾನೂ ತಿರುಗುತ್ತಿದೆ. ನಮ್ಮ ರಾಜ್ಯಕ್ಕೆ ಕಷ್ಟದ ಹೊತ್ತು ಅದೇ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಬೇಸಿಗೆಗೂ ಕಾಯದೆ ಅಕ್ಟೋಬರಿನಲ್ಲೇ ಕೊರತೆ ಬಂತು. ಹೊಸ ಮೂಲ ಯಾವುದೇ ಬರಲಿ, ನಾನು ಮೊದಲು ಕೇಳುವ ಪ್ರಶ್ನೆ ಇಷ್ಟೇ: ಏಪ್ರಿಲ್ ಸಂಜೆ ಏಳಕ್ಕೆ ಇದು ಕೆಲಸಕ್ಕೆ ಬರುತ್ತದೆಯೇ? ಮುಂದಿನ ಪತ್ರಗಳಿಗೂ ಇದೇ ಪ್ರಶ್ನೆ ಹಿಡಿದುಕೊಂಡು ಹೋಗುತ್ತೇನೆ. ನಿಮ್ಮಲ್ಲಿ ಪಂಪ್‌ಸೆಟ್ಟಿದ್ದರೆ ಅದನ್ನು ಹಗಲಿನ ತ್ರೀ ಫೇಸ್ ಹೊತ್ತಿನಲ್ಲೇ ಓಡಿಸಿ. ಅಷ್ಟರಮಟ್ಟಿಗೆ ಸಂಜೆಯ ಹೊರೆ ಇಳಿಯುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ನಮ್ಮ ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥವೆಂಬ ಬಿಸಿನೀರಿನ ಚಿಲುಮೆ ಇದೆ. ಅದರಿಂದ ವಿದ್ಯುತ್ ತಯಾರಿಸಬಹುದೇ ಎಂದು ಮಕ್ಕಳು ಕೇಳುತ್ತಾರೆ. ಆಳಕ್ಕೆ ಕೊರೆದರೆ ಎಲ್ಲಿ ಬೇಕಾದರೂ ಬಿಸಿ ಸಿಗುತ್ತದಂತೆ, ಆದರೆ ಭೂಕಂಪವಾಗುತ್ತದಂತೆ. ಮಕ್ಕಳಿಗೆ ಏನು ಹೇಳಲಿ?
— ಶಿಕ್ಷಕಿ, ಪುತ್ತೂರು

ಉತ್ತರ: ಮಕ್ಕಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಏಪ್ರಿಲ್ ಸಂಜೆಯ ಪರೀಕ್ಷೆಯಲ್ಲಿ ಭೂಶಾಖ (ನೆಲದಾಳದ ಬಿಸಿ) ನೂರಕ್ಕೆ ನೂರು ಅಂಕ ತೆಗೆದುಕೊಳ್ಳುತ್ತದೆ. ಅದಕ್ಕೆ ಹಗಲು ರಾತ್ರಿಯಿಲ್ಲ, ಮಳೆ ಬಿಸಿಲಿನ ಹಂಗಿಲ್ಲ. ಆದರೆ ನೆಲ ಅದನ್ನು ಕೊಡಬೇಕಲ್ಲ!

ಬೆಂದ್ರುತೀರ್ಥದ ನೀರು ಮೀಯಲು ಹಿತವೆನಿಸುವಷ್ಟು ಮಾತ್ರ ಬಿಸಿ. ಯಂತ್ರ ತಿರುಗಿಸಲು ಹಬೆ ಬೇಕು. ಇಲ್ಲವೆಂದರೆ ಬೈನರಿ ಘಟಕ (ಬಿಸಿನೀರಿನಿಂದ, ಕಡಿಮೆ ಶಾಖಕ್ಕೇ ಆವಿಯಾಗುವ ಇನ್ನೊಂದು ದ್ರವವನ್ನು ಕಾಯಿಸಿ ಯಂತ್ರ ತಿರುಗಿಸುವ ವ್ಯವಸ್ಥೆ) ಬೇಕು. ಅಲಾಸ್ಕಾದ ಚೀನಾ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ 2006ರಿಂದ 74 ಡಿಗ್ರಿ ನೀರಿನಲ್ಲೇ ಇಂಥ ಘಟಕ ನಡೆಯುತ್ತಿದೆ. ಇದು ತೀರಾ ಅಪರೂಪ. ಅಲ್ಲಿ ತಣಿಸಲು ಮಂಜಿನಂಥ ನೀರು ಪಕ್ಕದಲ್ಲೇ ಇರುವುದರಿಂದ ಸಾಧ್ಯವಾಯಿತು. ನಮ್ಮ ದೇಶದಲ್ಲಿ ಭರವಸೆಯ ಜಾಗವೆಂದರೆ ಲಡಾಖಿನ ಪೂಗಾ ಕಣಿವೆ. 4,400 ಮೀಟರ್ ಎತ್ತರದ ಆ ಕಣಿವೆಯಲ್ಲಿ ನೀರು ನೆಲದಿಂದ ಕುದಿಯುತ್ತಲೇ ಹೊರಬರುತ್ತದೆ. 1 ಮೆಗಾವಾಟಿನ ಮೊದಲ ಘಟಕಕ್ಕಾಗಿ 2021ರಲ್ಲಿ ಓಎನ್‌ಜಿಸಿ ಅಲ್ಲಿನ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿತು.

‘ಆಳಕ್ಕೆ ಕೊರೆದರೆ ಎಲ್ಲೆಲ್ಲೂ ಬಿಸಿ’ ಎಂಬುದು ನಿಜ, ಆದರೆ ಎಲ್ಲೆಲ್ಲೂ ಒಂದೇ ಸಮನಲ್ಲ. ಇದಕ್ಕೆ ನಮ್ಮಲ್ಲೇ ಒಳ್ಳೆಯ ಪಾಠವಿದೆ, ಮಕ್ಕಳಿಗೆ ಖಂಡಿತ ಹೇಳಿ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಗಣಿಯ ಕಾರ್ಮಿಕರಿಗೆ ಅದು ಬೇಗೆಯೇ. ಮೇಲಿನಿಂದ ತಣಿಸಿದ ಗಾಳಿ ಕಳಿಸಬೇಕಾಗುತ್ತಿತ್ತು. ವಿದ್ಯುತ್ತಿಗೆ ಮಾತ್ರ ಆ ಬಿಸಿ ಸಾಲದು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹದಿನೈದು ಡಿಗ್ರಿಯೂ ಏರಲಿಲ್ಲ. ಜಗತ್ತಿನ ಸರಾಸರಿ 25ರಿಂದ 30. ನಮ್ಮ ಕಾಲ ಕೆಳಗಿರುವುದು ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ತಣಿದ, ಬಲು ಹಳೆಯ ಬಂಡೆ. ಅದೇ ಗಣಿಗೆ 1902ರಲ್ಲಿ ಕರೆಂಟು ಬಂದದ್ದು ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದ ನೀರಿನಿಂದ.

ಭೂಕಂಪದ ಭಯವೂ ಆಧಾರವಿಲ್ಲದ್ದಲ್ಲ. ನೀರಿಲ್ಲದ ಬಿಸಿಬಂಡೆಗೆ ಒತ್ತಡದಿಂದ ನೀರು ನುಗ್ಗಿಸಿ ಬಿರುಕು ಬಿಡಿಸುವ ವಿಧಾನವೊಂದಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 2006ರಲ್ಲಿ ಇದರಿಂದ 3.4 ತೀವ್ರತೆಯ ಕಂಪನವಾಗಿ ಕೆಲಸ ನಿಂತಿತು. ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ 2017ರಲ್ಲಿ 5.4 ತೀವ್ರತೆಯ ಭೂಕಂಪವಾಗಿ ಮನೆಗಳು ಹಾಳಾದವು. ಅದಕ್ಕೆ ಆ ಕೊರೆತವೇ ಕಾರಣವೆಂದು ಸರ್ಕಾರ ನೇಮಿಸಿದ ತಜ್ಞರೇ 2019ರಲ್ಲಿ ಹೇಳಿದರು. ಆದರೆ ಬಿಸಿನೀರು ತಾನಾಗಿ ಇರುವ ಕಡೆಯ ಹಳೆಯ ಕೇಂದ್ರಗಳು ಬೇರೆ ಬಗೆಯವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಮಕ್ಕಳಿಗೆ ಕಲಿಸಿ. ಬೆಂದ್ರುತೀರ್ಥ ಮೀಯುವವರಿಗೇ ಇರಲಿ.

ಪ್ರಶ್ನೆ: ನಾವು ಮೈಸೂರಿನವರು, ಈಗ ನ್ಯೂಜಿಲೆಂಡಿನ ತೌಪೊ ಊರಲ್ಲಿದ್ದೇವೆ. ಇಲ್ಲಿ ನೆಲದಿಂದ ಹಬೆ ಏಳುತ್ತಲೇ ಇರುತ್ತದೆ, ಸುತ್ತ ಭೂಶಾಖದ ಕೇಂದ್ರಗಳಿವೆ. ಹಬೆ ತೆಗೆದು ತೆಗೆದು ನೆಲ ಕುಸಿದಿದೆ ಎನ್ನುತ್ತಾರೆ. ಮನೆ ಕೊಳ್ಳಬೇಕೆಂದಿದ್ದೇವೆ, ಸಣ್ಣ ಮಕ್ಕಳಿದ್ದಾರೆ. ಹೆದರಬೇಕೇ? ಇಷ್ಟು ಬಿಸಿ ಇದ್ದೂ ಈ ದೇಶಕ್ಕೆ ಹೋದ ವರ್ಷಗಳಲ್ಲಿ ಕರೆಂಟು ಯಾಕೆ ದುಬಾರಿಯಾಯಿತು?
— ತಾಯಿಯೊಬ್ಬರು, ತೌಪೊ

ಉತ್ತರ: ನೀವು ಕೇಳಿದ್ದು ಸುಳ್ಳಲ್ಲ, ಆದರೆ ರಾತ್ರೋರಾತ್ರಿ ಬಾಯ್ದೆರೆಯುವ ಕುಸಿತ ಅದಲ್ಲ. ಮಕ್ಕಳನ್ನು ನಿಶ್ಚಿಂತೆಯಿಂದ ಆಡಲು ಬಿಡಿ.

ನಡೆದದ್ದು ಹೀಗೆ. ನಿಮ್ಮ ಪಕ್ಕದ ವೈರಾಕೆಯಲ್ಲಿ 1958ರಲ್ಲಿ ಕೇಂದ್ರ ಶುರುವಾಯಿತು. ಇಷ್ಟು ದೊಡ್ಡದಾಗಿ ಭೂಶಾಖವನ್ನು ಬಳಸಿದ್ದು ಅದಕ್ಕೆ ಮುಂಚೆ ಇಟಲಿಯ ಲಾರ್ಡೆರೆಲ್ಲೊದಲ್ಲಿ ಮಾತ್ರ. ಆಗ ಮೇಲೆತ್ತಿದ ಬಿಸಿನೀರನ್ನು ಕೆಲಸ ಮುಗಿದ ಮೇಲೆ ವೈಕಾಟೊ ನದಿಗೆ ಬಿಟ್ಟುಬಿಡುತ್ತಿದ್ದರು. ಬ್ಯಾಂಕಿನಿಂದ ತೆಗೆಯುತ್ತಲೇ ಇದ್ದು, ಏನೂ ಕಟ್ಟದಂತೆ. ನೆಲದೊಳಗಿನ ಒತ್ತಡ ಇಳಿಯಿತು. ಹಲವು ದಶಕಗಳಲ್ಲಿ ಒಂದು ಸಣ್ಣ ಪ್ರದೇಶ ಹದಿನಾಲ್ಕು ಹದಿನೈದು ಮೀಟರಿನಷ್ಟು ತಗ್ಗಾಯಿತು. ಗೀಸರ್ ಕಣಿವೆಯ ಚಿಮ್ಮುಬುಗ್ಗೆಗಳು ಬತ್ತಿಹೋದವು. ಈ ನಷ್ಟವನ್ನು ಯಾರೂ ಹಗುರವಾಗಿ ಕಾಣಬಾರದು. ನೋಡಲು ದೂರದೂರದಿಂದ ಜನ ಬರುತ್ತಿದ್ದ ಬುಗ್ಗೆಗಳು ಅವು, ಅಲ್ಲಿನ ಮೂಲನಿವಾಸಿ ಮಾವೊರಿ ಜನರಿಗೆ ಪೂಜ್ಯವಾದ ನೀರು.

ಕಲಿತ ಪಾಠವೂ ಅಲ್ಲೇ ಇದೆ. ಈಗ ಬಳಸಿದ ನೀರಿನ ಬಹುಪಾಲನ್ನು ಮತ್ತೆ ನೆಲದಾಳಕ್ಕೇ ಇಳಿಸುತ್ತಾರೆ (ಮರುಪೂರಣ). ಅದೇ ದೇಶದ ರೊಟೊರುವಾ ಊರಲ್ಲಿ ಮನೆಮನೆಯ ಕೊಳವೆಬಾವಿಗಳಿಂದಾಗಿ ಪೊಹುಟು ಎಂಬ ಚಿಮ್ಮುಬುಗ್ಗೆ ಸೊರಗತೊಡಗಿದಾಗ 1980ರ ದಶಕದಲ್ಲಿ ಅದರ ಒಂದೂವರೆ ಕಿಲೋಮೀಟರ್ ಸುತ್ತಲಿನ ಬಾವಿಗಳನ್ನು ಸರ್ಕಾರ ಮುಚ್ಚಿಸಿತು. ಬುಗ್ಗೆ ಚೇತರಿಸಿಕೊಂಡಿತು. ನೆಲ ಕ್ಷಮಿಸುತ್ತದೆ, ಹೊತ್ತಿಗೆ ಸರಿಯಾಗಿ ನಿಲ್ಲಿಸಿದರೆ.

ಮನೆ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ತೌಪೊ ಜಿಲ್ಲಾ ಕೌನ್ಸಿಲಿನಲ್ಲಿ ಆ ನಿವೇಶನದ ಲಿಮ್ ವರದಿ (ಜಾಗದ ಬಗ್ಗೆ ಕೌನ್ಸಿಲಿನ ಬಳಿ ಇರುವ ಮಾಹಿತಿಯ ದಾಖಲೆ) ಕೇಳಿ ಪಡೆಯಿರಿ. ನೆಲ ತಗ್ಗಾಗುತ್ತಿರುವ ವಲಯದಲ್ಲಿ ಮನೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಊರಿನ ಕೆಲವು ಬೀದಿಗಳಲ್ಲಿ ಮನೆಗಳು ವಾಲಿದ್ದುಂಟು, ಉಳಿದೆಡೆ ಇಲ್ಲ. ಭಯ ಇಡೀ ಊರಿನ ಮೇಲೆ ಬೇಡ, ವಿಚಾರಣೆ ಆ ಒಂದು ಮನೆಯ ಮೇಲಿರಲಿ.

ದುಬಾರಿಯಾದದ್ದೇಕೆ? ನ್ಯೂಜಿಲೆಂಡಿನ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ನೀರಿನದು, ಐದರಲ್ಲೊಂದು ಪಾಲಿನ ಆಸುಪಾಸು ಭೂಶಾಖದ್ದು. ದಕ್ಷಿಣ ದ್ವೀಪದ ಸರೋವರಗಳಲ್ಲಿ ಕೂಡಿಡಬಹುದಾದ ನೀರು ಕೆಲವೇ ವಾರಗಳಿಗೆ ಸಾಕಾಗುವಷ್ಟು. 2024ರ ಚಳಿಗಾಲದಲ್ಲಿ ಮಳೆ ಕಡಿಮೆಯಾಯಿತು, ಅದೇ ಹೊತ್ತಿಗೆ ನೈಸರ್ಗಿಕ ಅನಿಲವೂ ಸಾಲದಾಯಿತು. ಆಗಸ್ಟಿನಲ್ಲಿ ಸಗಟು ಬೆಲೆ ಆಕಾಶಕ್ಕೇರಿತು. ಅಲ್ಲಿನವರ ಏಪ್ರಿಲ್ ಸಂಜೆ ಎಂದರೆ ಮಳೆ ತಪ್ಪಿದ ಆಗಸ್ಟ್. ಮಳೆ ಬರಲಿ ಬಿಡಲಿ ಭೂಶಾಖ ಕದಲಲಿಲ್ಲ. ಆದರೆ ನೀರಿನ ಕೊರತೆಯನ್ನೆಲ್ಲ ಒಂದೇ ಕೈಯಲ್ಲಿ ತುಂಬಲು ಅದಕ್ಕಾಗಲಿಲ್ಲ, ಏಕೆಂದರೆ ಅದು ಮೊದಲೇ ತುಂಬು ಬಲದಲ್ಲಿ ಓಡುತ್ತಿರುತ್ತದೆ. ಒಂದೇ ಸಮನೆ ಓಡುವುದು ಅದರ ಗುಣ. ಬೇಕೆಂದಾಗ ಏರಿಸಲಾಗದಿರುವುದು ಅದರ ಮಿತಿ. ಹಾಗಾಗಿಯೇ ಅಲ್ಲಿ ಗಾಳಿ, ಬಿಸಿಲನ್ನೂ ಸೇರಿಸುತ್ತಿದ್ದಾರೆ. ಗಾಳಿ ಬೀಸಿದಾಗ ಸರೋವರದ ನೀರು ಉಳಿಯುತ್ತದೆ. ನಿಮ್ಮ ಪಕ್ಕದ ತೌಹಾರಾದಲ್ಲಿ 2024ರಲ್ಲೇ 174 ಮೆಗಾವಾಟಿನ ಹೊಸ ಭೂಶಾಖ ಕೇಂದ್ರ ಬಂದದ್ದೂ ಒಳ್ಳೆಯದೇ ಆಯಿತು.

ಪ್ರಶ್ನೆ: ಕಡಲಿನ ಅಲೆಯಿಂದ ಕರೆಂಟು ಮಾಡುತ್ತಾರೆ, ಕಡಲಿಗೆ ಕಟ್ಟೆ ಕಟ್ಟುತ್ತಾರೆ ಎಂದು ಮೊಬೈಲಿನಲ್ಲಿ ಬರುತ್ತಿದೆ. ನಾವು ನಾಡದೋಣಿಯವರು. ಬಲೆ ಬಿಡುವ ಜಾಗಕ್ಕೆ ಯಂತ್ರ ತಂದಿಟ್ಟರೆ ನಮ್ಮ ಗತಿಯೇನು?
— ಮೀನುಗಾರರು, ಮಲ್ಪೆ

ಉತ್ತರ: ಕಡಲು ನಿಮ್ಮ ಅನ್ನದ ಬಟ್ಟಲು. ಅದಕ್ಕೆ ಯಾರಾದರೂ ಕೈಯಿಡುತ್ತಾರೆಂದರೆ ನಿದ್ದೆ ಕೆಡುವುದು ಸಹಜ. ಮೊದಲು ಧೈರ್ಯದ ಮಾತು ಹೇಳುತ್ತೇನೆ.

ಕಡಲಿಗೆ ಕಟ್ಟೆ ಕಟ್ಟುವುದು ಭರತ ಇಳಿತದ ವಿದ್ಯುತ್ತಿಗಾಗಿ. ಉಬ್ಬರದಲ್ಲಿ ನೀರು ಒಳಗೆ ಬಿಟ್ಟು, ಇಳಿತದಲ್ಲಿ ಹೊರಬಿಡುವಾಗ ಯಂತ್ರ ತಿರುಗುತ್ತದೆ. ಇದಕ್ಕೆ ನೀರು ತುಂಬಾ ಏರಿಳಿಯಬೇಕು. ಫ್ರಾನ್ಸಿನ ರಾನ್ಸ್ ನದೀಮುಖದಲ್ಲಿ 1966ರಿಂದ ನಡೆಯುತ್ತಿರುವ 240 ಮೆಗಾವಾಟ್ ಕೇಂದ್ರದ ಕಡೆ ಸರಾಸರಿ 8 ಮೀಟರ್ ಏರಿಳಿತವಿದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲೂ ದೊಡ್ಡ ಏರಿಳಿತವಿದೆ. ನಮ್ಮ ಕರಾವಳಿಯಲ್ಲಿ? ಒಂದೂವರೆ ಮೀಟರಿನ ಆಸುಪಾಸು. ದೋಣಿ ನೂಕುವ ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಇಷ್ಟಕ್ಕೆ ಕಟ್ಟೆ ಕಟ್ಟಿದರೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ.

ಅಲೆಯ ವಿಚಾರ ಬೇರೆ. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಐಐಟಿ ಮದ್ರಾಸಿನವರು 150 ಕಿಲೋವಾಟಿನ ಅಲೆವಿದ್ಯುತ್ ಘಟಕ ಕಟ್ಟಿ ಪ್ರಯೋಗ ಮಾಡಿದರು. ಕಾಂಕ್ರೀಟ್ ಕೋಣೆಯೊಳಗೆ ಅಲೆ ಏರಿದಾಗ ಗಾಳಿ ಮೇಲಕ್ಕೆ ಒತ್ತಿ ಯಂತ್ರ ತಿರುಗಿಸುತ್ತದೆ, ದೊಡ್ಡ ತಿದಿಯ ಹಾಗೆ. ಪಾಠ ಸಿಕ್ಕಿತು, ವ್ಯಾಪಾರ ಗಿಟ್ಟಲಿಲ್ಲ. ನನ್ನ ಏಪ್ರಿಲ್ ಪರೀಕ್ಷೆಯಲ್ಲೂ ನಮ್ಮ ಕರಾವಳಿಯ ಅಲೆ ತೇರ್ಗಡೆಯಾಗುವುದಿಲ್ಲ. ಕಡಲು ಅಬ್ಬರಿಸುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಅದೇ ತಿಂಗಳುಗಳಲ್ಲಿ ಗಾಳಿಯೂ ಜೋರು, ಶರಾವತಿಯೂ ತುಂಬಿ ಹರಿಯುತ್ತಾಳೆ. ಏಪ್ರಿಲಿನಲ್ಲಿ ಕಡಲು ತಣ್ಣಗೆ ಮಲಗಿರುತ್ತದೆ. ಅಲೆವಿದ್ಯುತ್ತೆಂದರೆ ಉಂಡ ಮನೆಗೆ ಮತ್ತೆ ಊಟ ಬಡಿಸಿದಂತೆ. ಅದೂ ಅಲ್ಲದೆ, ದೊಡ್ಡ ಬೋಟುಗಳಿಗೆ ನಿಷೇಧವಿರುವ ಜೂನ್, ಜುಲೈಗಳೇ ನಿಮ್ಮ ನಾಡದೋಣಿಯ ದುಡಿಮೆಯ ಕಾಲ. ಯಂತ್ರ ತಿರುಗುವ ತಿಂಗಳೂ ನಿಮ್ಮ ಬಲೆಯ ತಿಂಗಳೂ ಒಂದೇ ಆಗುತ್ತದೆ. ಅಲೆವಿದ್ಯುತ್ತಿನ ವಿರುದ್ಧ ನನಗೆ ಕಾಣುವ ಬಲವಾದ ಕಾರಣ ಇದು.

ಕಡಲಿನ ವಿಜ್ಞಾನವೆಲ್ಲ ನಮಗೆ ಬೇಡವೆಂದಲ್ಲ. ಲಕ್ಷದ್ವೀಪದ ಕವರಟ್ಟಿಯಲ್ಲಿ ದಡದ ಸಮೀಪವೇ ಕಡಲು ಆಳವಾಗಿರುವುದರಿಂದ, ಆಳದ ತಣ್ಣೀರಿನ ನೆರವಿನಿಂದ 2005ರಿಂದ ದಿನಕ್ಕೆ ಲಕ್ಷ ಲೀಟರ್ ಕುಡಿಯುವ ನೀರು ಮಾಡುತ್ತಿದ್ದಾರೆ. ಡೀಸೆಲನ್ನೂ ಹಡಗಿನಲ್ಲಿ ತರಬೇಕಾದ ದ್ವೀಪಕ್ಕೆ ಕಡಲಿನ ಶಕ್ತಿ ಹೊಂದುತ್ತದೆ. ನಿಮ್ಮಲ್ಲಿ ಎಂದಾದರೂ ಇಂಥ ಯೋಜನೆಯ ಮಾತು ಬಂದರೆ, ಕೇಬಲ್ ಎಲ್ಲಿ ಹಾಯುತ್ತದೆ, ದೋಣಿಗೆ ಪ್ರವೇಶವಿಲ್ಲದ ಜಾಗ ಎಷ್ಟು ಎಂಬ ನಕ್ಷೆಯನ್ನು ನಿಮ್ಮ ಸಂಘದ ಹೆಸರಿನಲ್ಲಿ ಕನ್ನಡದಲ್ಲೇ ಕೊಡಲು ಕೇಳಿ. ನಕ್ಷೆ ನೋಡದೆ ಒಪ್ಪಿಗೆಯ ಸಹಿ ಹಾಕಬೇಡಿ.

ಪ್ರಶ್ನೆ: ಅಪ್ಪ ಇಲ್ಲಿನ ಕಲ್ಲಿದ್ದಲು ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ನೌಕರ. ಸೋಲಾರ್ ಬಂದರೆ ಇದು ಮುಚ್ಚುತ್ತದೆಯೇ?
— ಡಿಪ್ಲೊಮಾ ವಿದ್ಯಾರ್ಥಿ, ರಾಯಚೂರು

ಉತ್ತರ: ನಾಳೆಯೇ ಮುಚ್ಚುವುದಿಲ್ಲ. ಏಪ್ರಿಲ್ ಸಂಜೆಯ ಹೊರೆಯಲ್ಲಿ ದೊಡ್ಡ ಪಾಲನ್ನು ಇವತ್ತಿಗೂ ಹೊರುತ್ತಿರುವುದು ಕಲ್ಲಿದ್ದಲೇ. ಆದರೆ ಮಳೆಗಾಲದಲ್ಲಿ ಕೆಲವು ಘಟಕಗಳನ್ನು ನಿಲ್ಲಿಸಿಡುವುದನ್ನು ಅಪ್ಪ ಈಗಾಗಲೇ ನೋಡಿರುತ್ತಾರೆ. ಹಾಗೆ ನಿಲ್ಲುವ ತಿಂಗಳುಗಳು ಮುಂದೆ ಹೆಚ್ಚುತ್ತವೆ. ಗುತ್ತಿಗೆಯವರ ಸಂಬಳಕ್ಕೆ ಮೊದಲು ಪೆಟ್ಟು ಬೀಳುವುದು ಆಗಲೇ. ಅಪ್ಪನ ಪಿಎಫ್ ಮತ್ತು ಇಎಸ್‌ಐ ಜಮೆಯಾಗುತ್ತಿದೆಯೇ ಎಂದು ಈ ವಾರವೇ ಪರಿಶೀಲಿಸಿ. ನೀವು ಓದಿನಲ್ಲಿ ರಿಲೇ, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ನಿನ ಕೆಲಸವನ್ನು ಗಟ್ಟಿಯಾಗಿ ಕಲಿಯಿರಿ. ಮೂಲ ಯಾವುದಾದರೂ ತಂತಿಯ ಕೆಲಸಕ್ಕೆ ಜನ ಬೇಕೇ ಬೇಕು.

ಪ್ರಶ್ನೆ: ಲಿಂಗನಮಕ್ಕಿಯಲ್ಲಿ ನಮ್ಮಜ್ಜನ ಮನೆ, ತೋಟ ಮುಳುಗಿತು. ಈಗ ಪಂಪ್ಡ್ ಸ್ಟೋರೇಜ್ ಅಂತ ಮತ್ತೆ ಶರಾವತಿಯ ಮೇಲೆ ಕಣ್ಣು ಬಿದ್ದಿದೆ. ಸೋಲಾರ್‌ಗೆ ಇದು ಬೇಕೇ ಬೇಕು, ವಿರೋಧಿಸುವವರು ಅಭಿವೃದ್ಧಿಯ ವಿರೋಧಿಗಳು ಎನ್ನುತ್ತಾರೆ. ನಾವು ಹೆದರುವುದು ತಪ್ಪೇ?
— ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ತಪ್ಪಲ್ಲ. ನಾಡಿಗೆ ಬೆಳಕು ಕೊಡಲು ಕತ್ತಲೆಗೆ ಹೋದವರು ನೀವು. 1964ರಲ್ಲಿ ಅಣೆಕಟ್ಟೆ ಮುಗಿಯಿತು. ಮುಳುಗಡೆಯ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ. ಆ ಸಾಲ ತೀರದೆ ನಿಮ್ಮ ಮುಂದೆ ಅಭಿವೃದ್ಧಿಯ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಪಂಪ್ಡ್ ಸ್ಟೋರೇಜ್ ಎಂದರೆ ನೀರಿನ ಬ್ಯಾಟರಿ. ಹಗಲು ಸೋಲಾರ್ ಹೆಚ್ಚಾದಾಗ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಸಂಜೆ ಅದನ್ನೇ ಬಿಟ್ಟು ವಿದ್ಯುತ್ ತೆಗೆಯುವುದು. ನೂರು ಯೂನಿಟ್ ಖರ್ಚು ಮಾಡಿದರೆ ಎಪ್ಪತ್ತೈದರಿಂದ ಎಂಬತ್ತು ಯೂನಿಟ್ ವಾಪಸು ಬರುತ್ತದೆ. ನಾನು ಇಷ್ಟು ಹೊತ್ತು ಹೇಳಿದ ಏಪ್ರಿಲ್ ಸಂಜೆಗೆ ಇದು ನಿಜಕ್ಕೂ ಒಳ್ಳೆಯ ಮದ್ದು. ತಮಿಳುನಾಡಿನ ಕಡಂಪಾರೆಯಲ್ಲಿ ಇಂಥ 400 ಮೆಗಾವಾಟ್ ಕೇಂದ್ರ 1980ರ ದಶಕದಿಂದ ಇದೆ.

ಆದರೆ ಮದ್ದು ಒಳ್ಳೆಯದಾದ ಮಾತ್ರಕ್ಕೆ ಎಲ್ಲಿ ಬೇಕಾದರೂ ಸೂಜಿ ಚುಚ್ಚುವುದಿಲ್ಲ. ಶರಾವತಿಯ 2,000 ಮೆಗಾವಾಟ್ ಯೋಜನೆಗೆ ತಳಕಳಲೆ ಮೇಲಿನ ಜಲಾಶಯ, ಗೇರುಸೊಪ್ಪ ಕೆಳಗಿನದು. ಎರಡೂ ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ ಎನ್ನುತ್ತಾರೆ. ಮುಳುಗಡೆ ಇಲ್ಲದಿರಬಹುದು, ಸುರಂಗ, ರಸ್ತೆ, ಅಗೆದ ಮಣ್ಣು ಕಲ್ಲಿನ ರಾಶಿ, ತಂತಿಮಾರ್ಗ ಇವೆಲ್ಲ ಇವೆ. ಅವು ಹಾಯುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ಕಾಡಿನ ಚಪ್ಪರ ಒಂದು ಕಡೆ ಹರಿದರೆ ಅದರ ಗುಂಪು ಎರಡಾಗುತ್ತದೆ. ನೀರಿನ ಬ್ಯಾಟರಿಗೆ ಮಳೆಕಾಡೇ ಬೇಕೆಂದೇನಿಲ್ಲ. ಆಂಧ್ರದ ಪಿನ್ನಾಪುರಂನಲ್ಲಿ ನದಿಗೆ ಅಡ್ಡ ಕಟ್ಟೆ ಕಟ್ಟದೆ, ಕುರುಚಲು ಗುಡ್ಡಗಳ ನಡುವೆ 1,680 ಮೆಗಾವಾಟ್ ಯೋಜನೆ ಮಾಡಿದ್ದಾರೆ, ಬಿಸಿಲು ಗಾಳಿ ಎರಡನ್ನೂ ಅದಕ್ಕೆ ಜೋಡಿಸಿ. ರಾಸಾಯನಿಕ ಬ್ಯಾಟರಿಯ ಬೆಲೆಯೂ ಹತ್ತು ವರ್ಷಗಳಲ್ಲಿ ಬಹಳ ಇಳಿದಿದೆ. ಪಾವಗಡದಂಥ ಬಯಲಲ್ಲೇ ಅದನ್ನಿಡಬಹುದು. ನನ್ನ ಅಭಿಪ್ರಾಯ ಕೇಳಿದ್ದೀರಿ: ರಾಜ್ಯಕ್ಕೆ ಸಂಜೆಗಾಗಿ ಶೇಖರಣೆ ಬೇಕು, ಶರಾವತಿ ಕಣಿವೆಯಲ್ಲಿ ಬೇಡ.

ವಿರೋಧವನ್ನು ಕಾಗದದ ಮೇಲೆ ತನ್ನಿ. ಗ್ರಾಮಸಭೆಯಲ್ಲಿ ನಿಮ್ಮ ಮಾತು ನಡಾವಳಿ ಪುಸ್ತಕಕ್ಕೆ ಸೇರಿದೆಯೇ ಎಂದು ಓದಿಸಿ ನೋಡಿ. ಆಕ್ಷೇಪಣೆಯನ್ನು ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಅಜ್ಜನ ಕಾಲದ ಮುಳುಗಡೆಯ ಕಾಗದಗಳು ಮನೆಯಲ್ಲಿ ಏನಿದ್ದರೂ ಅದರ ನಕಲನ್ನು ಜೊತೆಗೆ ಲಗತ್ತಿಸಿ.